ಆರನೆಯ ಹೆಸರು

ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಫುಟ್‌ಬಾಲ್ ಕ್ಲಬ್ಬಿಗೆ ಆಡಿದವರಲ್ಲಿ ಅತ್ಯುತ್ತಮ ಐವರನ್ನು ಆರಿಸಿಕೊಡಿ ಎಂದು ಕಾರ್ಯದರ್ಶಿ ಕೇಳಿದಾಗ, ಹಳೆಯ ಕೋಚ್ ಆರೋಗ್ಯಸ್ವಾಮಿಯವರು ತಂಡದ ಫೋಟೊಗಳನ್ನೆಲ್ಲ ಹರಡಿಕೊಂಡು ಕೂತರು. ಸೋತು ಸುಣ್ಣವಾಗಿದ್ದ ಕ್ಲಬ್ಬು ಈಗಲಾದರೂ ತನ್ನವರನ್ನು ನೆನೆಯಿತಲ್ಲ! ವಾರವಿಡೀ ಹೆಸರು ಬರೆದರು, ಹೊಡೆದುಹಾಕಿದರು. ಕೊನೆಗೆ, ಬೆರಳು ಮುರಿದರೂ ಫೈನಲ್ ಆಡಿ ಮುಗಿಸಿದ್ದ ಗೋಲ್‌ಕೀಪರ್ ಸಂಪಂಗಿ ಆರನೆಯವನಾಗಿ ಹೊರಗುಳಿದ.

"ಅವನನ್ನ ಬಿಟ್ರೆ ನನ್ನ ಮನಸ್ಸು ಒಪ್ಪಲ್ಲಪ್ಪ. ಆರು ಮಾಡ್ಕೊಳ್ಳಿ," ಎಂದು ಅಂಗಲಾಚಿದರು.

"ಆಗಲ್ಲ ಸರ್."

"ಒಂದು ಹೆಸರು ತಾನೇ? ಕ್ಲಬ್ಬಲ್ಲಿ ಹಾಕೋ ಬೋರ್ಡಲ್ಲಿ ಅಷ್ಟೂ ಜಾಗ ಇಲ್ವಾ?"

ಅವರ ಕೈಯಲ್ಲೇ ಆಟ ಕಲಿತಿದ್ದ ಕಾರ್ಯದರ್ಶಿ ತಲೆ ತಗ್ಗಿಸಿದ.

"ಬೋರ್ಡಿಗಲ್ಲ ಸರ್. ನಮ್ಮ ಗ್ರೌಂಡ್ ಮಾರಿಯಾಯ್ತು. ಅಲ್ಲಿ ಕಟ್ಟೋ ಅಪಾರ್ಟ್‌ಮೆಂಟ್ ಬ್ಲಾಕುಗಳಿಗೆ ಈ ಹೆಸರು ಇಡ್ತಾರಂತೆ. ಬ್ಲಾಕ್ ಇರೋದು ಐದೇ."