ಹಿಮಾಲಯದ ಗುಟ್ಟು

"ಬಿಪಿ ಗುಳಿಗಿ ಒಂದಿನಾನೂ ತಪ್ಪಸಬ್ಯಾಡ್ರಿ, ಅತ್ತಿ."

ಊರಿಗೆಲ್ಲ ಹೇಳುವ ಈ ಮಾತನ್ನು ಆಶಾ ಕಾರ್ಯಕರ್ತೆ ಕಸ್ತೂರಿ ಮನೆಯಲ್ಲೂ ಎರಡು ವರ್ಷ ಹೇಳಿ ಸೋತಿದ್ದಳು.

"ನಾ ಆರಾಮ ಅದೀನಿ. ನಿಂದೇನ, ದಿನಾ ಅದೇ ರಾಗ!" ಎನ್ನುತ್ತಿದ್ದಳು ಅತ್ತೆ.

ಕಡೆಗೆ ರೋಸಿಹೋದ ಕಸ್ತೂರಿ, ಅದೇ ಮಾತನ್ನು ಬರೆದು, ಮೇಲೊಂದು ಜಟಾಧಾರಿಯ ಚಿತ್ರ ಅಂಟಿಸಿ, 'ಹಿಮಾಲಯದ ಸಾಧು ಬಿಚ್ಚಿಟ್ಟ ಗುಟ್ಟು' ಎಂದು ತವರೂರಿನ ವಾಟ್ಸಾಪ್ ಗುಂಪಿಗೆ ಬಿಟ್ಟಳು.

ಎಂಟು ದಿನದಲ್ಲಿ ಅದು ಹತ್ತೂರು ಸುತ್ತಿ ಅತ್ತೆಯ ಫೋನಿಗೂ ಬಂತು. ಅತ್ತೆ ಅದನ್ನು ಓದಿದ್ದೇ ಗುಳಿಗೆ ಬಾಯಿಗೆ ಹಾಕಿಕೊಂಡು ಗಟಗಟ ನೀರು ಕುಡಿದಳು. ಆಮೇಲೆ ಸೊಸೆಯ ಮುಖಕ್ಕೆ ಫೋನು ಹಿಡಿದಳು.

"ಕೆಳಗ ಏನ ಬರದಾರ, ಓದು."

ಯಾರೋ ಒಂದು ಸಾಲು ಸೇರಿಸಿದ್ದರು: 'ಈ ಗುಟ್ಟನ್ನು ನಿಮ್ಮೂರಿನ ಆಶಾ ಕಾರ್ಯಕರ್ತೆ ಎಂದೂ ಹೇಳುವುದಿಲ್ಲ.'