ಕಾಲು ಇಂಚು

ಚೀಟಿಯಲ್ಲಿದ್ದ ಅಳತೆ ಟೀಚರಮ್ಮನದ್ದಲ್ಲ. ಓದಿದ ಕೂಡಲೇ ಟೈಲರಮ್ಮನಿಗೆ ಗೊತ್ತಾಯಿತು. ಮೂವತ್ತು ವರ್ಷದಿಂದ ಆ ಮೈಗೆ ಹೊಲಿದವಳು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲಳು.

"ಯಾರದ್ದೇ ಇದು?"

"ನನ್ನ ಸ್ನೇಹಿತೇದು." ಟೀಚರಮ್ಮ ಕುರ್ಚಿಗೆ ಒರಗಿದಳು. ಎಂಟು ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು. "ಚಳಿ ಜೋರಾಗೋದ್ರೊಳಗೆ ಒಂದು ಕೋಟು ಆಗ್ಬೇಕು. ಚೆನ್ನಾಗಿ ಹೊಲಿ ಸೂಜಿ."

ಸೂಜಿ ಎಂಬುದು ಶಾಲೆಯಲ್ಲಿ ಅವಳೇ ಇಟ್ಟ ಹೆಸರು. ಆಗ ಟೈಲರಮ್ಮ ತೆಳ್ಳಗಿದ್ದಳು, ಮಾತು ಚುಚ್ಚುತ್ತಿತ್ತು. ಈಗ ಉಳಿದಿದ್ದು ಮಾತೊಂದೇ.

ಸ್ನೇಹಿತೆ. ಆ ಪದ ತನ್ನೊಬ್ಬಳದ್ದೇ ಎಂದು ಅವಳು ಇಷ್ಟು ವರ್ಷ ನಂಬಿಕೊಂಡಿದ್ದಳು.

ಗಂಟು ಬಿಚ್ಚಿದಳು. ಕಡುನೀಲಿ ಉಣ್ಣೆ ಬಟ್ಟೆ. ಹೋದ ವರ್ಷ ಇಬ್ಬರೂ ಜವಳಿ ಅಂಗಡಿಯ ಗಾಜಿನ ಮುಂದೆ ನಿಂತು, ಬೆಲೆ ನೋಡಿ, ಮುಂದೆ ನಡೆದಿದ್ದರಲ್ಲ, ಅದೇ.

"ಬಲಭುಜ ಎಡಕ್ಕಿಂತ ಅರ್ಧ ಇಂಚು ಇಳಿದಿದೆ," ಎಂದಳು ಚೀಟಿ ನೋಡುತ್ತ. "ಸೊಟ್ಟ ಹೆಂಗಸನ್ನ ಹುಡುಕ್ಕೊಂಡಿದೀಯ."

"ಸೊಟ್ಟವಳೇ. ಬುದ್ಧೀನೂ ಒಂಚೂರು ಹಾಗೇ," ಟೀಚರಮ್ಮ ನಕ್ಕಳು. "ಏನ್ಮಾಡ್ಲಿ, ನಂಗೆ ಅವಳೇ ಬೇಕು."

"ಕೋಟು ಅಂದ್ರೆ ಕಚ್ಚಾ ಹೊಲಿಗೆ ಹಾಕಿ ಒಂದ್ಸಲ ಮೈಮೇಲೆ ನೋಡ್ಲೇಬೇಕು. ಕರ್ಕೊಂಡು ಬಾ."

"ಅವಳಿಗೆಲ್ಲಿ ಪುರುಸೊತ್ತು? ನೀನೇ ಹಾಕ್ಕೊಂಡು ನೋಡ್ಬಿಡು."

"ಕಂಡೋರ ಬಟ್ಟೆ ನಾನು ಮೈಗೆ ಹಾಕ್ಕೊಳ್ಳಲ್ಲ. ಗೊತ್ತಿಲ್ವಾ ನಿನಗೆ?"

ಗೊತ್ತಿತ್ತು. ಗಿರಾಕಿಯ ಬಟ್ಟೆ ಹೊಲಿಯುವವಳ ಮೈ ಸೋಕಬಾರದೆಂದು ಟೈಲರಮ್ಮನ ಅಮ್ಮ ಹೇಳಿಕೊಟ್ಟಿದ್ದಳು. ಅಂಗಡಿಯೂ ಅಮ್ಮನದೇ, ಮೊಳೆಗೆ ತೂಗುತ್ತಿದ್ದ ಮೊಣಕೈ ಸವೆದ ಕೋಟೂ ಅಮ್ಮನದೇ. ಉಳಿದಂತೆ ಅವಳು ತೊಡುತ್ತಿದ್ದದ್ದು ಉಳಿಕೆ ತುಂಡುಗಳಲ್ಲಿ ಕಣ್ಣಂದಾಜಿಗೆ ಕತ್ತರಿಸಿದ ದೊಗಲೆ ಅಂಗಿ.

ಇಬ್ಬರೂ ಕೂತು ಕುಡಿಯುತ್ತಿದ್ದ ಗುರುವಾರದ ಚಹಾ ನಿಂತು ಎರಡು ತಿಂಗಳಾಗಿತ್ತು. ಶಾಲೆಯಲ್ಲಿ ಕೆಲಸ ಎಂದಿದ್ದಳು ಟೀಚರಮ್ಮ. ಮುಂದಿನ ಗುರುವಾರ ಟೈಲರಮ್ಮ ನೂಲಿನ ಉಂಡೆ ತರಲು ಹೋದಾಗ ಬಸ್ಸೊಂದು ಎದುರಿಗೆ ನಿಂತಿತು. ಕಿಟಕಿಯಲ್ಲಿ ಟೀಚರಮ್ಮ. ಪಕ್ಕದಲ್ಲೊಬ್ಬ ಅಪರಿಚಿತ ಹೆಂಗಸು. ಅವಳ ಭುಜಕ್ಕೆ ಟೀಚರಮ್ಮ ತಲೆಯಿಟ್ಟು ಕಣ್ಣು ಮುಚ್ಚಿದ್ದಳು.

ಬಸ್ಸು ಹೊರಟಿತು. ಟೈಲರಮ್ಮನಿಗೆ ಹಿಂದಿನ ತಿಂಗಳದ್ದೊಂದು ಮಧ್ಯಾಹ್ನ ನೆನಪಾಯಿತು. ತಾನು ಮಿಷನ್ನಿನ ಮೇಲೆ ಬಗ್ಗಿದ್ದಾಗ ಟೀಚರಮ್ಮ ಹಿಂದೆ ನಿಂತು ಭುಜ, ಬೆನ್ನು, ತೋಳು ಗೇಣುಗೇಣಾಗಿ ಒತ್ತುತ್ತಲೇ ಇದ್ದಳು. 'ಹೊಲಿಗೆ ಕೆಡತ್ತೆ, ಅತ್ತ ಸರಿ' ಎಂದು ಟೈಲರಮ್ಮ ಗದರಿದ್ದಳು. ಅಷ್ಟಕ್ಕೇ ಇನ್ನೊಂದು ಭುಜ ಹುಡುಕಿಕೊಂಡಳೇ?

ಅಂಗಡಿಗೆ ಬಂದವಳೇ ಕೋಟನ್ನು ತಿರುವಿದಳು. ಎರಡೂ ಕಂಕುಳಲ್ಲಿ ಕಾಲು ಇಂಚು ಒಳಗೆ ತೆಗೆದುಕೊಂಡು ಹೊಲಿದಳು. ನಿಂತರೆ, ನಡೆದರೆ ಗೊತ್ತಾಗುವುದಿಲ್ಲ. ತೋಳೆತ್ತಿದಾಗ ಮಾತ್ರ ಹಿಡಿಯುತ್ತದೆ. ಯಾರನ್ನಾದರೂ ತಬ್ಬಿಕೊಳ್ಳಲು ಹೋದಾಗ. ಬಿಚ್ಚಿ ಸಡಿಲಿಸಲು ಆಗದಂತೆ ಒಳಗಿನ ಹೆಚ್ಚುವರಿ ಬಟ್ಟೆಯನ್ನೂ ಕತ್ತರಿಸಿ ಎಸೆದಳು. ಜೀವಮಾನದಲ್ಲಿ ಬೇಕೆಂದೇ ಕೆಡಿಸಿದ ಒಂದೇ ಬಟ್ಟೆ.

ಕೋಟು ಒಯ್ಯಲು ಬಂದ ಟೀಚರಮ್ಮ ಅದರ ಮೇಲೆ ಮತ್ತೆ ಮತ್ತೆ ಕೈಯಾಡಿಸಿದಳು. ಅವಳ ಅಂಗಿ ಮೈಮೇಲೆ ನೇತುಹಾಕಿದಂತಿತ್ತು.

"ಸೊರಗಿದೀಯ. ಹೊಸ ಸ್ನೇಹಿತೆ ಊಟ ಹಾಕಲ್ವಾ?"

"ಸಿಟ್ಟು ಬಂದಾಗ ಹಾಕಲ್ಲ. ಈಗ ಸಿಟ್ಟಲ್ಲಿದಾಳೆ."

"ಪಾಪ," ಎಂದಳು ಟೈಲರಮ್ಮ. ಟೀಚರಮ್ಮ ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತಳು. ಟೈಲರಮ್ಮ ಮಿಷನ್ನಿನಿಂದ ತಲೆಯೆತ್ತಲಿಲ್ಲ.

ಐದು ವಾರದ ಮೇಲೆ, ಟೀಚರಮ್ಮ ತೀರಿಕೊಂಡ ಸುದ್ದಿಯನ್ನು ಅವಳ ಅಣ್ಣ ಹೇಳಿ ಕಳುಹಿಸಿದ. ಒಳಗೊಳಗೇ ಆರು ತಿಂಗಳ ಕಾಯಿಲೆಯಂತೆ. ಮಣ್ಣು ಮಾಡುವ ಜಾಗದಲ್ಲಿ ಟೈಲರಮ್ಮ ಹಿಂದೆ ನಿಂತಳು. ಅಳು ಬರಲಿಲ್ಲ. ಗುಂಪಿನಲ್ಲಿ ನೀಲಿ ಕೋಟು ಹುಡುಕುತ್ತಿದ್ದಳು. ಅಷ್ಟು ಚಳಿಯಲ್ಲೂ ಯಾರ ಮೈಮೇಲೂ ಅದಿರಲಿಲ್ಲ.

ನಾಲ್ಕನೆಯ ದಿನ ಬಸ್ಸಿನ ಹೆಂಗಸು ಅಂಗಡಿಯ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಗಂಟು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಟೈಲರಮ್ಮನ ಕಣ್ಣು ತಾನಾಗಿ ಅಳೆಯಿತು: ಆ ಕೋಟು ಇವಳ ಮೊಣಕಾಲನ್ನೂ ಮುಟ್ಟದು. ಭುಜಗಳೆರಡೂ ಗೆರೆ ಎಳೆದಷ್ಟು ನೇರ.

"ನಾನು ಆಸ್ಪತ್ರೆ ನರ್ಸು. ಗುರುವಾರ ಗುರುವಾರ ಟೀಚರನ್ನ ಮನೆಗೆ ಬಿಡ್ತಿದ್ದೆ. ಇದನ್ನ ತಲುಪಿಸು ಅಂದಿದ್ರು."

"ಬಿಗಿಯಾಯ್ತು ಅಂತ ವಾಪಸ್ ಕಳಿಸಿದ್ರಾ?" ಟೈಲರಮ್ಮ ಕೇಳಿದಳು.

"ಬಿಗಿಯಾ? ಯಾರೂ ಹಾಕ್ಕೊಂಡೇ ಇಲ್ವಲ್ಲ."

"ನಂಗ್ಯಾಕೆ ಕಾಯಿಲೆ ವಿಷಯ ಹೇಳ್ಲಿಲ್ಲ ಅವಳು?"

"ಹೇಳಿದ್ರೆ ಅಂಗಡಿ ಮುಚ್ಚಿ ಬಂದು ಕೂತ್ಬಿಡ್ತಾಳೆ, ಆಮೇಲೆ ಕೋಟು ಯಾರು ಹೊಲೀತಾರೆ, ಅಂತಿದ್ರು." ನರ್ಸು ಗಂಟನ್ನು ಮೇಜಿನ ಮೇಲಿಟ್ಟಳು. "ಇನ್ನೊಂದು ಮಾತು ಹೇಳು ಅಂದಿದ್ರು. ಇದು ಕಂಡೋರ ಬಟ್ಟೆ ಅಲ್ವಂತೆ."

ಕತ್ತರಿ ಹಿಡಿದು ಹಿಡಿದು ಇಳಿದಿದ್ದ ಟೈಲರಮ್ಮನ ಬಲಭುಜದ ಮೇಲೆ ಕೋಟು ಸರಿಯಾಗಿ ಅರ್ಧ ಇಂಚು ಇಳಿದು ಕೂತಿತು. ಮುಖ ಮುಚ್ಚಿಕೊಳ್ಳಲು ಎರಡೂ ಕೈ ಎತ್ತಿದಾಗ ಮಾತ್ರ ಕಂಕುಳಲ್ಲಿ ಹಿಡಿಯಿತು.