ದಾಕ್ಷಿಣ್ಯದ ಎರಡು ಕೆಜಿ

ತೂಕದ ಯಂತ್ರದ ಮುಳ್ಳು ಐವತ್ತೊಂಬತ್ತಕ್ಕೆ ಹೋಗಿ ನಿಂತದ್ದೇ ತಡ, ಕೋಚ್ ಲಾರ್ಯಾ ಕೈಲಿದ್ದ ಟವೆಲನ್ನು ನೆಲಕ್ಕೆ ಬಡಿದ.

"ಐವತ್ತೇಳು ಅಂತ ಹೇಳಿದ್ದು ಯಾರಿಗೋ? ಗೋಡೆಗಾ? ಶುಕ್ರವಾರ ತೂಕ ನೋಡ್ತಾರೆ. ಒಂದು ಚೂರು ಹೆಚ್ಚಿದ್ರೂ ನಿನ್ನ ಜಾಗಕ್ಕೆ ಇನ್ನೊಬ್ಬ ರಿಂಗ್ ಹತ್ತುತಾನೆ. ಅದೇನು ಹೊಟ್ಟೆನೋ, ಊರಿನ ಉಗ್ರಾಣನೋ?"

ಅಯಿಕ್ವೇ ತಲೆ ತಗ್ಗಿಸಿ ಇಳಿದ. ಇಡೀ ಬುಕೋಮ್ ಕೇರಿಯ ಬಾಕ್ಸರುಗಳಲ್ಲಿ ಅವನ ಎಡಗೈ ಏಟಿಗೆ ಸಾಟಿಯಿರಲಿಲ್ಲ. ಆದರೇನು? ಹೋದ ಎರಡು ಪಂದ್ಯಗಳನ್ನೂ ಅವನು ಸೋತದ್ದು ಮನುಷ್ಯರ ಕೈಲಲ್ಲ, ಈ ಹಾಳು ಯಂತ್ರದ ಕೈಲಿ. ಇದೂ ಹೋದರೆ ಅಕ್ರಾ ಪಟ್ಟಣದಲ್ಲಿ ಯಾರೂ ಅವನನ್ನು ಪಂದ್ಯಕ್ಕೆ ಕರೆಯುವುದಿಲ್ಲ.

ಕೋಚ್ ಸೀದಾ ಸಮುದ್ರದ ದಂಡೆಗೆ ನಡೆದ. ಅಯಿಕ್ವೇಯ ಅಕ್ಕ ಅಜೆಲೆ ಅಲ್ಲಿ ಹೊಗೆಯ ಒಲೆ ಮೇಲೆ ಮೀನು ತಿರುವಿ ಹಾಕುತ್ತಿದ್ದಳು.

"ನಿನ್ನ ತಮ್ಮನಿಗೆ ಬಾಯಿಚಪಲ ಕಣಮ್ಮ. ಮನಸ್ಸು ಗಟ್ಟಿಯಿಲ್ಲ."

"ಬಾಯಿಚಪಲ ಅಂತೆ! ಮನೇಲಿ ಅವನ ತಟ್ಟೇಲಿ ಅರ್ಧ ಊಟ ಉಳಿಯುತ್ತೆ, ನೀವು ನೋಡಿದೀರಾ? ಸಾಯಂಕಾಲ ನಿಮ್ಮ ಬಾಕ್ಸಿಂಗ್ ಶೆಡ್ಡಿಂದ ನಮ್ಮನೆವರೆಗೆ ಅವನ ಹಿಂದೆ ನಡೆದು ಬನ್ನಿ. ಆಮೇಲೆ ಮಾತಾಡಿ."

ಆ ಸಂಜೆ ಕೋಚ್ ನಡೆದು ನೋಡಿದ. ಓಣಿಯ ಉದ್ದಕ್ಕೂ ಜನ ಬಾಗಿಲ ಮುಂದೆ ಬಟ್ಟಲಿಟ್ಟುಕೊಂಡು ಉಣ್ಣುತ್ತಿದ್ದರು. ಹಾದುಹೋದವರನ್ನೆಲ್ಲ "ಬಾ, ಕೈ ಹಾಕು" ಅಂತ ಕರೆಯುವುದು ಅಲ್ಲಿಯ ರೂಢಿ. ಬೇರೆಯವರು "ಈಗ ಆಯ್ತು" ಅಂತ ಹೊಟ್ಟೆ ಸವರಿ ಮುಂದೆ ಹೋಗುತ್ತಾರೆ. ಅಯಿಕ್ವೇಗೆ ಅದು ಬಾರದು. ಕರೆದವರ ಮುಖ ಸಣ್ಣಗಾದೀತು ಅಂತ ಒಂದೇ ಒಂದು ತುತ್ತಿಗೆ ಕೂರುತ್ತಾನೆ. ಇಲ್ಲೊಂದು ತುತ್ತು ಮೆಕ್ಕೆಜೋಳದ ಕೆಂಕೆ ಮುದ್ದೆ, ಅಲ್ಲೊಂದು ಚೂರು ಹುರಿದ ಮೀನು, ಆಚೆ ಮನೆಯಲ್ಲಿ ಬೆಂಡೆಕಾಯಿ ಸಾರು. ಮನೆ ಬರುವಷ್ಟರಲ್ಲಿ ಕೋಚಿಗೇ ತೇಗು ಬಂತು.

"ಹಸಿವಲ್ಲ ಕೋಚ್, ದಾಕ್ಷಿಣ್ಯ," ಅಂದಳು ಅಜೆಲೆ. "ಇದಕ್ಕೇನು ಪಥ್ಯ ಹೇಳ್ತೀರಿ, ಹೇಳಿ ನೋಡೋಣ."

ಕಡಿಮೆ ತಿನ್ನು ಅನ್ನುವುದಕ್ಕೆ ಯಾವ ವಿದ್ಯೆ ಬೇಕು? ಕತ್ತೆಗೂ ಗೊತ್ತು. ಪಥ್ಯ ಹೇಳುವವರಿಗೆಲ್ಲ ಹೊಟ್ಟೆ ಕಾಣುತ್ತದೆ, ಅದನ್ನು ಹೊತ್ತುಕೊಂಡು ತಿರುಗುವ ಮನುಷ್ಯ ಕಾಣುವುದಿಲ್ಲ.

ಮರುದಿನ ಬೆಳಿಗ್ಗೆ ಅಜೆಲೆ ಸೊಂಟಕ್ಕೆ ಬಟ್ಟೆ ಬಿಗಿದು ಓಣಿಯ ನಡುವೆ ನಿಂತಳು. "ಏ, ನಿನ್ನ ಮೀನು ನಾರುತ್ತಂತೆ, ನನ್ನ ತಮ್ಮ ಹೇಳ್ದ! ಏ, ನಿನ್ನ ಮೆಣಸಿನ ಚಟ್ನಿ ಬರೀ ಉಪ್ಪುನೀರಂತೆ! ಅಮರ್ಲೇ ಅಜ್ಜೀ, ನಿನ್ನ ಕೆಂಕೆಗೆ ಗೋಡೆ ಕಟ್ಟಬಹುದಂತೆ!" ಮಧ್ಯಾಹ್ನದೊಳಗೆ ಓಣಿಗೆ ಓಣಿಯೇ ಅಯಿಕ್ವೇ ಜೊತೆ ಮಾತು ಬಿಟ್ಟಿತು. ಮಾತು ಬಿಟ್ಟವರು ಒಂದೇ ಬಟ್ಟಲಿಗೆ ಕೈ ಹಾಕುವಂತಿಲ್ಲ. ಸಂಜೆ ಅವನು ಬಂದಾಗ ಒಬ್ಬರೂ ಕರೆಯಲಿಲ್ಲ. ಬಟ್ಟಲ ಸಮೇತ ಬೆನ್ನು ತಿರುಗಿಸಿದರು.

"ಅಕ್ಕಾ, ಏನೇ ಮಾಡ್ದೆ?"

"ನಿನ್ನ ಬಾಯಿ ಕಟ್ಟೋಕೆ ಯಾರಿಂದ್ಲೂ ಆಗ್ಲಿಲ್ಲ. ಅದಕ್ಕೇ ನನ್ನ ಬಾಯಿ ಬಿಚ್ಚಿದೆ."

ತೂಕ ಇಳಿಯಿತು. ಅವನ ಮುಖವೂ ಇಳಿಯಿತು, ಏಟಿನ ಬಿರುಸೂ ಇಳಿಯಿತು. ಅಭ್ಯಾಸದ ಚೀಲಕ್ಕೆ ಗುದ್ದುವಾಗಲೂ ಕ್ಷಮೆ ಕೇಳುವವನ ಹಾಗೆ ಗುದ್ದತೊಡಗಿದ. ಗುರುವಾರ ಸಂಜೆ ತಡೆಯಲಾಗದೆ ಹೋಗಿ ಅಮರ್ಲೇ ಅಜ್ಜಿಯ ಮುಂದೆ ಕೂತುಬಿಟ್ಟ.

"ನಾನು ಹಾಗಂದಿಲ್ಲ ಅಜ್ಜಿ. ಆಣೆಗೂ ಅಂದಿಲ್ಲ."

ಅಜ್ಜಿ ಕೆಂಕೆಗೆ ಸುತ್ತಿದ್ದ ಜೋಳದ ಸಿಪ್ಪೆ ಬಿಚ್ಚಿ, ಮೇಲೊಂದು ಮೀನಿಟ್ಟು, ಬಟ್ಟಲನ್ನು ಅವನತ್ತ ತಳ್ಳಿದಳು. "ಹಾಗಾದ್ರೆ ತಿನ್ನು, ರಾಜಿಯಾಯ್ತು. ತಿನ್ನಲಿಲ್ವೋ, ಅಂದಿದ್ದೇ ನಿಜ."

ಅಕ್ಕಪಕ್ಕದ ಹೆಂಗಸರೂ ತಮ್ಮ ತಮ್ಮ ಬಟ್ಟಲು ಹಿಡಿದು ಎದ್ದು ಬಂದರು. ಸುದ್ದಿ ಕೇಳಿ ಓಡಿಬಂದ ಅಜೆಲೆ ಹಣೆ ಚಚ್ಚಿಕೊಂಡಳು. ಜಗಳವಾದರೆ ಬಟ್ಟಲು ಮುಚ್ಚುತ್ತದೆ ಅಂತ ಲೆಕ್ಕ ಹಾಕಿದ್ದಳು. ರಾಜಿಯಾದರೆ ಎಲ್ಲವೂ ಒಟ್ಟಿಗೇ ತೆರೆಯುತ್ತವೆ ಅನ್ನುವುದನ್ನು ಮರೆತಿದ್ದಳು.

ಅಯಿಕ್ವೇ ಮುದ್ದೆ ಮುರಿದ. ಚಟ್ನಿಯಲ್ಲಿ ಅದ್ದಿದ. ಮೀನಿನ ಮುಳ್ಳು ಬಿಡಿಸಿದ. ತುತ್ತು ಮೇಲೆತ್ತಿದ. ಅಜೆಲೆ ಕಣ್ಣು ಮುಚ್ಚಿಕೊಂಡಳು. ತೆರೆದು ನೋಡಿದರೆ ತುತ್ತು ಅಜ್ಜಿಯ ಬಾಯಲ್ಲಿತ್ತು.

"ಇಷ್ಟು ವರ್ಷ ನೀನು ತಿನ್ನಿಸ್ದೆ ಅಜ್ಜಿ. ಇವತ್ತು ನನ್ನ ಕೈತುತ್ತು. ಬೇಡ ಅಂತೀಯಾ?"

ಬಾಯಿ ತುಂಬ ಕೆಂಕೆ ಇಟ್ಟುಕೊಂಡು ಯಾರಿಂದ ತಾನೇ ಬೈಯಲಾದೀತು? ಅಜ್ಜಿ ಅಗಿದಳು, ನಕ್ಕಳು, ನೆತ್ತಿಗೆ ಹತ್ತಿ ಕೆಮ್ಮಿದಳು. ಅವನು ಮುಂದಿನ ಬಟ್ಟಲಿಗೆ ಸರಿದ, ಅಲ್ಲಿಂದ ಅದರ ಮುಂದಿನದಕ್ಕೆ. ಒಬ್ಬೊಬ್ಬರಿಗೂ ಅವರವರ ಬಟ್ಟಲಿಂದಲೇ ತುತ್ತಿಟ್ಟ. ತನ್ನ ಬಾಯಿಗೆ ಒಂದು ಅಗುಳೂ ಇಲ್ಲ. ಆದರೆ ಓಣಿಯ ಕೊನೆ ಮುಟ್ಟಿದಾಗ ಅವನ ಮುಖದಲ್ಲಿ ಹಬ್ಬ ಉಂಡವನ ಕಳೆಯಿತ್ತು.

ಶುಕ್ರವಾರ ಮುಳ್ಳು ಐವತ್ತೇಳಕ್ಕಿಂತ ಕೂದಲೆಳೆಯಷ್ಟು ಕೆಳಗೆ ನಿಂತಿತು. ಕೋಚ್ ಯಂತ್ರಕ್ಕೇ ಮುತ್ತು ಕೊಟ್ಟ. ಎದುರಾಳಿ ತಕೋರಾಡಿ ಊರಿನ ಹುಡುಗ, ಕ್ವೋಫಿ. ಅವನೂ ತೂಕ ಮುಟ್ಟಿಸಿದ್ದ. ಕಲ್ಲುಮನಸ್ಸಿನವನು, ಬೇಡ ಅಂದರೆ ಬೇಡ. ಹನಿ ನೀರೂ ಮುಟ್ಟದೆ, ಪ್ಲಾಸ್ಟಿಕ್ ಸುತ್ತಿಕೊಂಡು ಓಡಿ ಬೆವರು ಬಸಿದು, ತುಟಿ ಒಡೆದು, ಗೋಡೆ ಹಿಡಿದು ನಿಂತಿದ್ದ.

ಕೋಚ್ ಒಂದು ಎಳನೀರು ಕೆತ್ತಿಸಿ ಅಯಿಕ್ವೇ ಕೈಗೆ ಕೊಟ್ಟ. ಅಯಿಕ್ವೇ ಅದನ್ನು ಒಯ್ದು ಕ್ವೋಫಿಯ ತುಟಿಗೆ ಹಿಡಿದ. ಆ ಹುಡುಗ ಗಟಗಟ ಕುಡಿದ. ನೀರು ಗಲ್ಲದಿಂದ ಎದೆಗೆ ಸುರಿಯಿತು.

"ಲೋ ಹುಚ್ಚಾ! ನಾಳೆ ಅವನನ್ನೇ ಕಣೋ ನೀನು ಹೊಡೀಬೇಕಾದ್ದು!"

"ಹೊಡೀತೀನಿ ಕೋಚ್," ಅಂದ ಅಯಿಕ್ವೇ, ಕಾಯಿಯನ್ನು ಇನ್ನಷ್ಟು ಬಾಗಿಸುತ್ತ. "ಬೀಳಿಸೋಕೆ ಮೊದಲು ಅವನು ನಿಂತಿರಬೇಕಲ್ಲ."